ಬಡವರ ಇಂಟರ್ನೆಟ್ಟಿಗೆ ಪುಟದ ತುಂಬ ಜಾಹೀರಾತು

2015ರ ಡಿಸೆಂಬರಿನಲ್ಲಿ ಬಡವರ ಮೇಲೆ ಪ್ರೀತಿ ಎಷ್ಟು ಉಕ್ಕಿತ್ತೆಂದರೆ, ಪೇಪರ್ ಬಿಡಿಸಿದರೆ ಪುಟದ ತುಂಬ ಅದೇ. ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಎಂಬ ಪುಕ್ಕಟೆ ಸೇವೆಗೆ ಯಾರೋ ಕಲ್ಲು ಹಾಕುತ್ತಿದ್ದಾರೆ, ಉಳಿಸಿಕೊಡಿ ಎಂಬ ಮೊರೆ. ಡೇಟಾ ಹಾಕಿಸಲು ಕಾಸಿಲ್ಲದವನ ಪರವಾಗಿ ಪೂರ್ತಿ ಪುಟದ ಜಾಹೀರಾತು! ಅಷ್ಟು ದುಡ್ಡಿಗೆ ಎಷ್ಟು ಮೊಬೈಲಿಗೆ ರೀಚಾರ್ಜ್ ಮಾಡಿಸಬಹುದಿತ್ತು ಎಂದೆಲ್ಲ ಕೇಳಬಾರದು. ದಾನ ಮಾಡುವವರ ಹತ್ತಿರ ಲೆಕ್ಕ ಕೇಳುವುದು ಸಭ್ಯತೆಯಲ್ಲ.

ದಾನದ ವಿವರ ಇಷ್ಟೆ. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದರೆ ಕೆಲವು ತಾಣಗಳು ಡೇಟಾ ಖರ್ಚಿಲ್ಲದೆ ತೆರೆಯುತ್ತಿದ್ದವು. ಯಾವ ತಾಣಗಳು? ಫೇಸ್‌ಬುಕ್ ಹಾಕಿದ ಷರತ್ತಿಗೆ ಒಪ್ಪಿದವು. ಅದರಲ್ಲಿ ಫೇಸ್‌ಬುಕ್ ಇತ್ತು ಎಂದು ಬೇರೆ ಹೇಳಬೇಕೆ? ಯೂಟ್ಯೂಬ್ ನೋಡಬೇಕೆಂದರೆ ಬಡವ ದುಡ್ಡು ಬಿಚ್ಚಬೇಕಿತ್ತು, ಇಲ್ಲವೇ ಬಡವನ ಹಾಗೆ ತೆಪ್ಪಗಿರಬೇಕಿತ್ತು.

ಫೇಸ್‌ಬುಕ್ಕಿನ ಮುಖ್ಯಸ್ಥ ಜುಕರ್‌ಬರ್ಗ್ ಸಾಹೇಬರು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಲೇಖನವನ್ನೇ ಬರೆದು, ಇದು ಸಾರ್ವಜನಿಕ ಗ್ರಂಥಾಲಯ ಇದ್ದ ಹಾಗೆ, ಅಲ್ಲೂ ಎಲ್ಲ ಪುಸ್ತಕ ಸಿಗುವುದಿಲ್ಲವಲ್ಲ ಎಂದರು. ಒಪ್ಪೋಣ. ಆದರೆ ನಮ್ಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಪಾಪ, ತಾನೇ ಬರೆದ ಪುಸ್ತಕವನ್ನು ಬಾಗಿಲಲ್ಲೇ ಕೈಗಿಟ್ಟು, ಉಳಿದವನ್ನು ತನ್ನ ಮೇಜು ದಾಟಿಸಿಯೇ ಕೊಡುವಷ್ಟು ಮುಂದುವರಿದಿಲ್ಲ. ಫ್ರೀ ಬೇಸಿಕ್ಸ್‌ನಲ್ಲಿ ಏನು ತೆರೆದರೂ ಅದು ಫೇಸ್‌ಬುಕ್ಕಿನ ಸರ್ವರ್ ಹಾದು ಬರಬೇಕಿತ್ತು.

ಒಂದೊಂದು ತಾಣಕ್ಕೆ ಒಂದೊಂದು ದರ ಇಡಬಹುದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಜನರನ್ನು ಕೇಳಿತ್ತು. ‘ಫ್ರೀ ಬೇಸಿಕ್ಸ್ ಬೇಕು’ ಎಂದು ಟ್ರಾಯ್‌ಗೆ ಬರೆಯಲು ಫೇಸ್‌ಬುಕ್ ತನ್ನ ಬಳಕೆದಾರರಿಗೆ ಒಂದು ಗುಂಡಿ ಕೊಟ್ಟಿತು, ಜನ ಒತ್ತಿದರು, ಲಕ್ಷಗಟ್ಟಲೆ ಇಮೇಲ್ ಒಂದೇ ಒಕ್ಕಣೆಯಲ್ಲಿ ಹೋಗಿ ಬಿದ್ದವು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿರಲಿಲ್ಲ. ಅಮೆರಿಕದಲ್ಲಿ ಕೂತ ಕೆಲವರಿಗೂ ‘ಟ್ರಾಯ್‌ಗೆ ಬರೆಯಿರಿ’ ಎಂಬ ಸೂಚನೆ ಹೋಗಿತ್ತು. ಕಣ್ತಪ್ಪಿನಿಂದ ಆಯಿತು ಎಂದಿತು ಕಂಪನಿ. (ಟ್ರಾಯ್ ಕೂಡ ಕಡಿಮೆಯೇನಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಎಲ್ಲ ತಾಣಗಳೂ ಸಮಾನವಾಗಿ ಸಿಗಲಿ, ‘ಇಂಟರ್ನೆಟ್ ಉಳಿಸಿ’ ಎಂದು ಬರೆದ ಹತ್ತು ಲಕ್ಷಕ್ಕೂ ಮೀರಿದ ಜನರ ಇಮೇಲ್ ವಿಳಾಸಗಳನ್ನು ತನ್ನ ವೆಬ್‌ಸೈಟಿನಲ್ಲಿ ಹರವಿ ಕೂತಿತ್ತು. ಪಾರದರ್ಶಕತೆ ಅಂದರೆ ಅದು!)

2016ರ ಫೆಬ್ರುವರಿ 8ರಂದು ಟ್ರಾಯ್ ಈ ತಾರತಮ್ಯದ ದರಗಳನ್ನು ನಿಷೇಧಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಆ ಜಾಹೀರಾತು ಕೊಟ್ಟವರಿಗೆ ಅದು ಚಿಲ್ಲರೆ ಕಾಸು, ಆದರೂ ಮೂರು ದಿನದಲ್ಲಿ ಗಂಟುಮೂಟೆ ಕಟ್ಟಿದರು. ನಡುವೆ ಫೇಸ್‌ಬುಕ್ ಆಡಳಿತ ಮಂಡಳಿಯ ಮಾರ್ಕ್ ಆಂಡ್ರೀಸನ್, ವಸಾಹತುಶಾಹಿಯನ್ನು ವಿರೋಧಿಸಿಯೇ ಭಾರತೀಯರು ದಶಕಗಳಿಂದ ಹಾಳಾದರು ಎಂಬರ್ಥದ ಟ್ವೀಟ್ ಒಗಾಯಿಸಿ, ಆಮೇಲೆ ಅಳಿಸಿ, ಕ್ಷಮೆ ಕೇಳಿದರು. ಕೋಟಿಗಟ್ಟಲೆ ಸುರಿದ ಪ್ರಚಾರದಲ್ಲಿ ಮನಸ್ಸಿನಿಂದ ಬಂದ ಮಾತು ಅದೊಂದೇ ಇರಬೇಕು.

ಏಳು ತಿಂಗಳಲ್ಲಿ ಜಿಯೊ ಬಂತು. ಬಡವ ಸಿಮ್ಮಿಗೆ ಕ್ಯೂ ನಿಂತು, ತನಗೆ ಬೇಕಾದ್ದನ್ನೆಲ್ಲ ನೋಡತೊಡಗಿದ.

ಈಗ ರಾಗ ಬೇರೆ. ದೊಡ್ಡ ಕಂಪನಿಗಳ ವಿಡಿಯೊ ಹೊತ್ತು ಹೊತ್ತು ನಮ್ಮ ಜಾಲ ಬಳಲಿದೆ, ಅವರೂ ‘ನ್ಯಾಯವಾದ ಪಾಲು’ ಕೊಡಲಿ ಎಂದು ಟೆಲಿಕಾಂ ಕಂಪನಿಗಳು ಕೇಳುತ್ತಿವೆ. ಆ ಡೇಟಾಕ್ಕೆ ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ ಎಂಬುದು ಸಣ್ಣ ವಿಷಯ, ಬಿಡಿ. ಯುರೋಪಿನಲ್ಲಿ ಇದೇ ಬೇಡಿಕೆ ಎದ್ದಾಗ, ಇದು ಅನ್ಯಾಯ ಎಂದು 2023ರಲ್ಲಿ ವಾದ ಹೂಡಿದವರಲ್ಲಿ ಮೆಟಾ, ಅಂದರೆ ನಮ್ಮ ಅದೇ ದಾನಶೂರ ಫೇಸ್‌ಬುಕ್ ಕಂಪನಿಯೂ ಒಂದು.