ಫಿನ್ಲೆಂಡಿನವರ ಎದುರು ಒನಕೆ

ನಮ್ಮ ಚಿತ್ರದುರ್ಗದ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಮಾತಿನ ರೂಢಿಯಾಗಲೆಂದು ವಾರಕ್ಕೊಮ್ಮೆ ಫಿನ್ಲೆಂಡಿನ ಮಕ್ಕಳೊಂದಿಗೆ ಆನ್‌ಲೈನ್‌ನಲ್ಲಿ ಮಾತನಾಡಿಸುವ ಏರ್ಪಾಡಾದಾಗ, “ಇಂಗ್ಲಿಷ್ ಕಲಿಯೋಕೆ ಇಂಗ್ಲೆಂಡಿನವರು ಸಿಗಲಿಲ್ವಾ ಮೇಷ್ಟ್ರೇ?” ಎಂದು ಪೋಷಕರೊಬ್ಬರು ಕೇಳಿದರು. ಅನುಮಾನ ನ್ಯಾಯವಾದದ್ದೇ, ಫಿನ್ನಿಶ್ ಮತ್ತು ಸ್ವೀಡಿಶ್ ಅಧಿಕೃತ ಭಾಷೆಗಳಾಗಿರುವ ಆ ದೇಶದ ಮಕ್ಕಳೂ ಇಂಗ್ಲಿಷನ್ನು ಶಾಲೆಯಲ್ಲಿಯೇ ಕಲಿಯುತ್ತಾರೆ. ನನಗಂತೂ ಅದೇ ಅನುಕೂಲವಾಗಿ ಕಂಡಿತು. ಎರಡೂ ಕಡೆಯವರು ತಡವರಿಸುವಲ್ಲಿ ಯಾರನ್ನು ನೋಡಿ ಯಾರು ನಗಬೇಕು?

ಆದರೂ ಮೊದಮೊದಲು “ಹೌ ಆರ್ ಯೂ”, “ಫೈನ್” ಮುಗಿದೊಡನೆ ಉಭಯ ರಾಷ್ಟ್ರಗಳೂ ಮೌನ ತಾಳುತ್ತಿದ್ದವು. ಆ ಮೌನವನ್ನು ಮುರಿದವಳು ಓಬವ್ವ. ನಮ್ಮ ಊರಿನ ಕಥೆ ಹೇಳುವ ಸರದಿ ಬಂದಾಗ, ಅದುವರೆಗೆ “ಯೆಸ್”, “ನೋ”ಗಳಾಚೆಗೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಅಜ್ಜಿಯ ಮನೆಯಿಂದ ನಿಜವಾದ ಒನಕೆಯನ್ನೇ ತಂದು, ಸೆರಗನ್ನು ಸೊಂಟಕ್ಕೆ ಬಿಗಿದು, ಹೈದರಾಲಿಯ ಸೈನಿಕನೊಬ್ಬ ಕಿಂಡಿಯಿಂದ ತಲೆ ಹಾಕಿದನೆಂದು ಹೇಳುತ್ತ ಒನಕೆಯನ್ನು ಎತ್ತಿದಳು. ಅದು ಕಂಪ್ಯೂಟರ್ ಕೊಠಡಿಯ ಫ್ಯಾನಿಗೆ ತಗುಲಿ, ರೆಕ್ಕೆ ಸೊಟ್ಟಗಾಗಿ, ಟಣ್ಣೆಂಬ ಸದ್ದು ಫಿನ್ಲೆಂಡಿನವರೆಗೂ ಕೇಳಿಸಿತು. ಅದೂ ನಾಟಕದ ಭಾಗವೆಂದು ತಿಳಿದ ಆ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಅಲ್ಲಿನ ಹುಡುಗನೊಬ್ಬ ಗಂಭೀರವಾಗಿ, ಕಾವಲುಗಾರ ಊಟಕ್ಕೆ ಹೋದಾಗ ಬದಲಿ ಕಾವಲುಗಾರನನ್ನು ಏಕೆ ನೇಮಿಸಿರಲಿಲ್ಲವೆಂದು ಕೇಳಿದ. ಓಬವ್ವನ ಗಂಡನ ಊಟವನ್ನು ಈ ಊರಿನಲ್ಲಿ ಯಾರೂ ಆಡಳಿತದ ಲೋಪವೆಂದು ಎಣಿಸಿದವರಲ್ಲ. ನಮ್ಮ ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಒನಕೆಯನ್ನು ಊರಿ ನಿಂತು, ಕೋಟೆಗೆ ಏಳು ಸುತ್ತು, ಕಿಂಡಿಯಲ್ಲಿ ಒಬ್ಬೊಬ್ಬನೇ ಬಗ್ಗಿ ನುಸುಳಬೇಕು, ಅಲ್ಲಿ ಇಬ್ಬರು ಕಾವಲುಗಾರರೇಕೆ ಎಂದು ಅವಳು ಇಂಗ್ಲಿಷಿನಲ್ಲಿ ವಾದಿಸಿದ ರಭಸಕ್ಕೆ ಭೂತಕಾಲ, ವರ್ತಮಾನಕಾಲಗಳೆರಡೂ ದಿಕ್ಕೆಟ್ಟು ಓಡಿದವು. ನಾನು ತಿದ್ದಲು ಹೋಗಲಿಲ್ಲ. ಒನಕೆ ಇನ್ನೂ ಅವಳ ಕೈಯಲ್ಲಿತ್ತು.

ಅಕ್ಟೋಬರ್ ಕೊನೆಯ ಭಾನುವಾರದ ನಂತರದ ವಾರ, ಎಂದಿನಂತೆ ಮಧ್ಯಾಹ್ನ 3 ಗಂಟೆಗೆ ಕುಳಿತರೆ ಪರದೆಯಲ್ಲಿ ಯಾರೂ ಇಲ್ಲ. ಓಬವ್ವನ ವಿಷಯದಲ್ಲಿ ಮುನಿಸಿಕೊಂಡರೆಂದೇ ಮಕ್ಕಳು ತೀರ್ಮಾನಿಸಿದರು. ಅವರು ನಗುನಗುತ್ತ ಬಂದದ್ದು 4 ಗಂಟೆಗೆ: ಚಳಿಗಾಲಕ್ಕೆಂದು ಆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಎರಡೂವರೆ ಗಂಟೆಯಿದ್ದ ನಮ್ಮ ಅಂತರ ಮೂರೂವರೆಯಾಗಿತ್ತು. “ಹಾಗೆ ತಿರುಗಿಸಿದರೆ ರಾಹುಕಾಲದ ಗತಿಯೇನು?” ಎಂದು ಮುಖ್ಯೋಪಾಧ್ಯಾಯರು ನಿಜವಾಗಿಯೂ ಚಿಂತಿತರಾದರು.

ಅಷ್ಟರಲ್ಲಿ ಶಾಲೆ ಬಿಟ್ಟು, ಹಾರ್ನ್ ಬಾರಿಸಿ ಬೇಸತ್ತ ಆಟೋದವರು ಮಕ್ಕಳನ್ನು ಗದರಿಸಲು ಒಳಗೇ ಬಂದರು. ಬಂದವರನ್ನು ಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲಿಸಿ ಪರಿಚಯಿಸಿದರು. ಮೂರು ಚಕ್ರದ ಗಾಡಿಯಲ್ಲಿ ಎಷ್ಟು ಜನ ಕೂರುತ್ತಾರೆಂದು ಆ ಬದಲಿ ಕಾವಲುಗಾರನ ಹುಡುಗ ಕೇಳಿದ. ಆಟೋದವರು ಅಂಗಿಯ ಕಾಲರ್ ಸರಿಪಡಿಸಿಕೊಂಡು, “ತ್ರೀ” ಎಂದರು. “ಇಲೆವೆನ್!” ಎಂದು ಹಿಂದಿನಿಂದ ಅವರ ಗಾಡಿಯ ಅಷ್ಟೂ ಮಕ್ಕಳು ಒಕ್ಕೊರಲಿನಿಂದ ತಿದ್ದಿದರು.