ನೀಲಿ ದಿನದ ಡಬ್ಬಿ

ರಾತ್ರಿ ಊಟವಾಗಿ, ಮುಸುರೆ ತಿಕ್ಕಿ, ಹಾಲಿಗೆ ಹೆಪ್ಪು ಹಾಕಿದ ಮೇಲೆಯೇ ಶಿಶುವಿಹಾರದ ಸಂದೇಶ ಸೊಸೆಯ ಫೋನಿಗೆ ಬರುತ್ತದೆ. ಅದಕ್ಕಿಂತ ಮುಂಚೆ ಬಂದರೆ ನಾವು ಸಿದ್ಧರಾಗಿಬಿಡುತ್ತೇವೆಂಬ ಭಯವಿರಬೇಕು. 'ನಾಳೆ ಬ್ಲೂ ಡೇ. ಮಕ್ಕಳು ನೀಲಿ ಬಟ್ಟೆ ಧರಿಸಿ, ನೀಲಿ ಬಣ್ಣದ ತಿಂಡಿ ತರತಕ್ಕದ್ದು' ಎಂದು ಬರೆದು, ಕೊನೆಯಲ್ಲಿ ಕೈಮುಗಿದ ಚಿತ್ರವೊಂದನ್ನೂ ನೀಲಿ ಹೃದಯವೊಂದನ್ನೂ ಅಂಟಿಸಿರುತ್ತಾರೆ. ಆ ಹೃದಯವನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮಗು ಬಣ್ಣಗಳನ್ನು ಹೇಗೆ ಕಲಿಯುತ್ತದೆ ಎಂಬುದರ ಬಗ್ಗೆ ನನ್ನದೇ ಆದ ಸಿದ್ಧಾಂತವೊಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ತಿಂಡಿಯ ಪೇಚನ್ನು ಗಮನಿಸಬೇಕು. ಹಳದಿ ದಿನವನ್ನು ನಮ್ಮ ಕಡೆಯ ಯಾವ ಅಡುಗೆಮನೆಯೂ ಕಣ್ಣು ಮುಚ್ಚಿಕೊಂಡು ದಾಟುತ್ತದೆ, ಏಕೆಂದರೆ ಚಿತ್ರಾನ್ನವಿದೆ. ಹಸಿರಿಗೆ ಪುದೀನ ಅನ್ನ, ಕೆಂಪಿಗೆ ಟೊಮೆಟೊ ಬಾತು, ಬಿಳಿಗೆ ಇಡ್ಲಿ. ನೀಲಿಯನ್ನು ಸೃಷ್ಟಿಸುವಾಗ ಮಾತ್ರ ದೇವರು ಅಡುಗೆಯವರನ್ನು ಕೇಳಿದಂತಿಲ್ಲ. ನೀಲಿ ದ್ರಾಕ್ಷಿಯೆಂದು ಗಾಡಿಯವನು ಕೂಗುವುದು ಕಪ್ಪಗಿರುತ್ತದೆ, ಬದನೆಕಾಯಿ ಬೆಂದರೆ ಕಂದಾಗುತ್ತದೆ.

ಶಿಶುವಿಹಾರದ ಮೂಲಪುರುಷನಾದ ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ತನ್ನ ಪ್ರಯೋಗವನ್ನು ಆರಂಭಿಸಿದ. ಅವನು ಮಕ್ಕಳಿಗೆಂದು ರೂಪಿಸಿದ ಮೊದಲ ಆಟಿಕೆಯೆಂದರೆ ಉಣ್ಣೆಯ ಆರು ಮೆತ್ತನೆಯ ಚೆಂಡುಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಮಗು ಅವನ್ನು ಹಿಡಿಯಬಹುದಿತ್ತು, ಉರುಳಿಸಬಹುದಿತ್ತು, ದಾರ ಕಟ್ಟಿ ತೂಗಬಹುದಿತ್ತು. 1939ರಲ್ಲಿ ಮದ್ರಾಸಿನ ಅಡಯಾರಿಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟ ಮಾರಿಯಾ ಮಾಂಟೆಸ್ಸೊರಿಯ ಪದ್ಧತಿಯಲ್ಲಿ ಬಣ್ಣದ ಬಿಲ್ಲೆಗಳ ಪೆಟ್ಟಿಗೆಗಳಿವೆ. ಮೂರನೆಯ ಪೆಟ್ಟಿಗೆಯಲ್ಲಿ ಒಂಬತ್ತು ಬಣ್ಣಗಳು, ಪ್ರತಿಯೊಂದಕ್ಕೂ ಏಳು ಛಾಯೆಗಳು, ಒಟ್ಟು 63 ಬಿಲ್ಲೆಗಳು. ಮಗು ಚಾಪೆಯ ಮೇಲೆ ಕುಳಿತು ಕಡುಬಣ್ಣದಿಂದ ತಿಳಿಬಣ್ಣದವರೆಗೆ ತಾನೇ ಜೋಡಿಸುತ್ತದೆ. ಆ ಚೆಂಡನ್ನಾಗಲಿ ಈ ಬಿಲ್ಲೆಯನ್ನಾಗಲಿ ಯಾರ ಅಜ್ಜಿಯೂ ಬೇಯಿಸಿ ಡಬ್ಬಿಗೆ ತುಂಬಬೇಕಾಗಿರಲಿಲ್ಲ.

ನಮ್ಮ ಮನೆಯ ಅಜ್ಜಿಗೆ ಆ ರಾತ್ರಿ ಹೊಳೆದದ್ದು ಕಾಂಪೌಂಡಿನ ಮೇಲೆ ಹಬ್ಬಿದ್ದ ಶಂಖಪುಷ್ಪದ ಬಳ್ಳಿ. ಹೊತ್ತು ಮುಳುಗಿದ ಮೇಲೆ ಹೂ ಕೀಳಬಾರದೆಂಬ ನಿಯಮವನ್ನು ಜೀವಮಾನವೆಲ್ಲ ಪಾಲಿಸಿದ ಆಕೆ ನನ್ನ ಕೈಗೆ ಟಾರ್ಚು ಕೊಟ್ಟು, ಬಳ್ಳಿಗೆ ಕೈಮುಗಿದು, ಒಂದು ಬಟ್ಟಲು ಹೂ ಬಿಡಿಸಿದಳು. ಬೆಳಿಗ್ಗೆ ಹೂವನ್ನು ಬಿಸಿನೀರಿಗೆ ಹಾಕಿದೊಡನೆ ನೀರು ನಾವು ಪರೀಕ್ಷೆಗೆ ಕೊಂಡೊಯ್ಯುತ್ತಿದ್ದ ಶಾಯಿಯಂತಾಯಿತು. ಅದನ್ನು ಸೋಸಿ, ಅದರಲ್ಲೇ ಸಣ್ಣಕ್ಕಿ ಬೇಯಿಸಿ, ತಟ್ಟೆಗೆ ಹರಡಿದಾಗ ಅನ್ನದ ಒಂದೊಂದು ಅಗುಳೂ ನೀಲಿಯಾಗಿತ್ತು. ಅರಿಸಿನವನ್ನು ಎಚ್ಚರದಿಂದ ಬಿಟ್ಟು, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟದ್ದೂ ಆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಗ್ಗರಣೆ ಅನ್ನ ಕಂಡರೆ ನಿಂಬೆಹಣ್ಣಿನ ಕಡೆಗೆ ತಾನಾಗಿ ಹೋಗುವ ಕೈ ಅದು. ಅರ್ಧ ಹೋಳು ಹಿಂಡಿದ್ದೇ ತಡ, ರಸ ಬಿದ್ದಲ್ಲೆಲ್ಲ ನೀಲಿ ಕರಗಿ ನೇರಳೆಯಾಯಿತು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆ ಹೂವಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಹುಳಿ ಸೋಕಿದರೆ ನೇರಳೆಗೂ ಕೆಂಪಿಗೂ, ಕ್ಷಾರ ಸೋಕಿದರೆ ಹಸಿರಿಗೂ ವಾಲುತ್ತದೆ. ಲಿಟ್ಮಸ್ ಕಾಗದದ ದಾಯಾದಿಯೆನ್ನಿ. ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ನೀಲಿ ಮರಳಬಹುದೆಂದು ನಾನು ವಿನಯದಿಂದಲೇ ಸೂಚಿಸಿದೆ. "ನೀವು ಸ್ವಲ್ಪ ಆಚೆ ಹೋಗ್ತೀರಾ?" ಎಂದಳು. ಅಡುಗೆಕಟ್ಟೆಯ ಮೇಲೆ ಕುಳಿತಿದ್ದ ಮೊಮ್ಮಗಳು ಮಾತ್ರ ಚಪ್ಪಾಳೆ ತಟ್ಟಿ, "ಅಜ್ಜೀ, ಇನ್ನೊಂದ್ಸಲ ಹಿಂಡು!" ಎಂದು ಕುಣಿಯುತ್ತಿದ್ದಳು.

ಮನೆಯಲ್ಲೇ ಉಳಿದಿದ್ದ ನೀರಿನ ಬಾಟಲನ್ನು ಕೊಡಲು ಹತ್ತು ಗಂಟೆಯ ಸುಮಾರಿಗೆ ನಾನು ಹೋದಾಗ ಆಯಾ ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿದಳು. ಕೈ ತೊಳೆಸಿ, ಪ್ರಾರ್ಥನೆ ಹೇಳಿಸಿ, ಡಬ್ಬಿಗಳ ಮುಚ್ಚಳ ತೆಗೆಸಿ ಆಗಿತ್ತು. ಆದರೆ ಯಾರೂ ತಿನ್ನುವಂತಿರಲಿಲ್ಲ, ಏಕೆಂದರೆ ಫೋಟೊ ಆಗಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡ ಹಸಿದ ಮಕ್ಕಳನ್ನು ಸಾಲಾಗಿ ಕೂರಿಸಿ ಮಿಸ್ಸು ಚಿತ್ರ ತೆಗೆಯುತ್ತಿದ್ದರು. ಒಬ್ಬ ಹುಡುಗ ಅತ್ತಿದ್ದರಿಂದ ಮತ್ತೆ ತೆಗೆದರು. ಹಲವು ಡಬ್ಬಿಗಳಲ್ಲಿ ನೀಲಿ ಕಾಗದ ಸುತ್ತಿದ ಬಿಸ್ಕತ್ತುಗಳಿದ್ದವು. ಕಾಗದ ನೀಲಿ, ಬಿಸ್ಕತ್ತು ಕಂದು, ಅವೆಲ್ಲ ತೇರ್ಗಡೆಯಾದವು. ನಮ್ಮವಳ ಡಬ್ಬಿಯ ಮುಂದೆ ಮಿಸ್ಸು ನಿಂತು, "ಇದು ಪರ್ಪಲ್ ಅಲ್ವಾ ಪುಟ್ಟಾ? ಪರ್ಪಲ್ ಡೇ ಮುಂದಿನ ವಾರ" ಎಂದು, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಯಾರದೋ ನೀಲಿ ಮುಚ್ಚಳವನ್ನು ಅವಳ ಕೈಗೆ ಹಿಡಿಸಿದರು. ಫೋಟೊದಲ್ಲಿ ಅವಳು ಆ ಖಾಲಿ ಮುಚ್ಚಳವನ್ನು ಎತ್ತಿ ಹಿಡಿದು ನಗುತ್ತಿದ್ದಾಳೆ.

ನಮ್ಮ ಬೀದಿಯ ತುದಿಯ ಅಂಗನವಾಡಿಯಲ್ಲಿ ಹೆಸರುಕಾಳು, ತೊಗರಿಬೇಳೆ, ಕಡಲೆಕಾಳುಗಳನ್ನು ಒಂದೇ ತಟ್ಟೆಗೆ ಸುರಿದು ಬೇರೆಬೇರೆ ಮಾಡಿಸುತ್ತಾರೆ. ಬಣ್ಣದ ಪಾಠ ಅಲ್ಲಿಗೆ ಮುಗಿಯಿತು, ಪೋಷಕರಿಗೆ ಸುದ್ದಿಯೂ ಇಲ್ಲ. ಮೈಸೂರಿನಿಂದ ಹೆಚ್ಚು ದೂರವಿಲ್ಲದ ತಿರುಮಕೂಡಲು ನರಸೀಪುರದಲ್ಲಿ 1975ರಲ್ಲಿ ಈ ಅಂಗನವಾಡಿಗಳ ಯೋಜನೆ ನಮ್ಮ ರಾಜ್ಯದೊಳಗೆ ಕಾಲಿಟ್ಟಾಗ ವಾಟ್ಸಾಪ್ ಇಲ್ಲದಿದ್ದದ್ದು ಅದರ ಪುಣ್ಯ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಮಿಸ್ಸಿನ ಪಕ್ಷ ವಹಿಸಿದಳು. ಒಂದು ಕೊಠಡಿ ತುಂಬ ಮಕ್ಕಳ ಮೂಗು ಒರೆಸಿ, ಶೂ ಲೇಸು ಕಟ್ಟಿ, ಕಿರುಬೆರಳು ಎತ್ತಿದವರನ್ನೆಲ್ಲ ಕರೆದೊಯ್ದು, ಆಡಳಿತ ಮಂಡಳಿಗೆ ಫೋಟೊವನ್ನೂ ಒಪ್ಪಿಸಬೇಕಾದ ಆ ಹುಡುಗಿ ಅಂದು ತಾನೂ ಸ್ವಂತ ಖರ್ಚಿನಲ್ಲಿ ನೀಲಿ ಸೀರೆ ಉಟ್ಟು ಬಂದಿದ್ದಳಂತೆ. ಒಂಬತ್ತನೇ ತರಗತಿಯವರನ್ನೇ ಸುಮ್ಮನಿರಿಸಲಾರದೆ ಡಸ್ಟರ್ ಕುಟ್ಟುತ್ತಿದ್ದವರು ಮಾತಾಡಬಾರದು ಎಂಬುದು ಅವಳ ತೀರ್ಪು. ಡಸ್ಟರಿನ ವಿಷಯ ಇಲ್ಲಿ ಅಪ್ರಸ್ತುತ.

ಸಿದ್ಧಾಂತವನ್ನು ಹೇಳುತ್ತೇನೆಂದಿದ್ದೆ. ಆದರೆ ಅಂದಿನಿಂದ ಮೊಮ್ಮಗಳಿಗೆ ನಿಂಬೆಹಣ್ಣಿನ ಗೀಳು ಹಿಡಿದಿದ್ದು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ರಸ ಹಿಂಡಿ ಬಣ್ಣ ಬದಲಾಗುವುದನ್ನು ಕಾಯುತ್ತಾಳೆ. ಸಾರು ಬದಲಾಗಲಿಲ್ಲ, ಮಜ್ಜಿಗೆ ಬದಲಾಗಲಿಲ್ಲ. ಇಂದು ನಾನು ಬರೆಯಲು ಕುಳಿತಾಗ ಪಕ್ಕದಲ್ಲಿದ್ದ ನನ್ನ ಕಾಫಿಯ ಸರದಿ ಬಂದು, ಹಾಲು ಒಡೆದು, ಲೋಟ ಪೂರ್ತಿ ಬಚ್ಚಲಿಗೆ ಹೋಯಿತು. ಕಾಫಿಪುಡಿಗೆ ಈಗ ಎಷ್ಟು ಬೆಲೆಯಾಗಿದೆಯೆಂಬುದನ್ನು ಆ ಪೋಷಕರ ಗುಂಪಿನಲ್ಲಿ ಯಾರಾದರೂ ಹಾಕಿದರೆ ಒಳ್ಳೆಯದು.