ಡಿಕ್ಕಿಯಲ್ಲೊಂದು ಕೇಕು

ನಾದಿನಿಯ ಮಗಳ ಮದುವೆ ಹಾಸನದಲ್ಲಿ, ಮೇ ತಿಂಗಳಲ್ಲಿ. "ಅತ್ತೆ, ರಿಸೆಪ್ಶನ್ ಕೇಕು ನೀವೇ ಮಾಡ್ಬೇಕು" ಎಂದು ಹುಡುಗಿ ಫೋನಿನಲ್ಲಿ ಕೇಳಿದಾಗ ಹೂಂ ಅಂದುಬಿಟ್ಟೆ. ಆಗ ತಲೆಯಲ್ಲಿ ಇದ್ದದ್ದು ಬರೀ ಕೇಕು. ಬೆಂಗಳೂರಿನ ವಿಜಯನಗರದ ನಮ್ಮ ಮನೆಗೂ ಆ ಛತ್ರಕ್ಕೂ ನಡುವೆ 180 ಚಿಲ್ಲರೆ ಕಿಲೋಮೀಟರ್ ಇದೆ ಅನ್ನೋದು ಫೋನ್ ಇಟ್ಟ ಮೇಲೆ ನೆನಪಾಯಿತು.

ನಮ್ಮ ತಿಂಡಿಗಳಿಗೆ ಈ ತಾಪತ್ರಯ ಇಲ್ಲ ನೋಡಿ. ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಕೊಬ್ಬರಿ ಮಿಠಾಯಿ ಎಲ್ಲ ಬಸ್ಸು ಹತ್ತೋಕೇ ಹುಟ್ಟಿದವು. ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಪೇಪರ್ ಇಟ್ಟು ಮುಚ್ಚಳ ಅದುಮಿ, ಸೀಟಿನ ಕೆಳಗೆ ತಳ್ಳಿದರೆ ಮುಗೀತು. ಉಂಡೆ ಒಡೆದರೆ ಹಾಲು ಚಿಮುಕಿಸಿ ಮತ್ತೆ ಕಟ್ಟಬಹುದು. ಕೇಕು ಒಡೆದರೆ?

1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ 9 ಅಡಿ ಎತ್ತರದ ಕೇಕು ಮಾಡಿದ್ದರು. ಅದಕ್ಕೆ '10,000 ಮೈಲಿ ಕೇಕು' ಅಂತ ಹೆಸರು. ಯುದ್ಧ ಮುಗಿದರೂ ರೇಷನ್ ಮುಗಿದಿರಲಿಲ್ಲ. ಸಕ್ಕರೆಗಿಕ್ಕರೆ ಎಲ್ಲ ದೂರದ ಆಸ್ಟ್ರೇಲಿಯದಂಥ ಕಡೆಯಿಂದ ಬಂದಿತ್ತು. ಊರು ಸುತ್ತಿದ್ದು ಸಾಮಾನು, ಕೇಕಲ್ಲ. ಬುದ್ಧಿವಂತರು.

ನಮ್ಮ ಮನೆಯವರ ತಕರಾರೇ ಬೇರೆ. "ಹಾಸನಕ್ಕೆ ಇಲ್ಲಿಂದ ಕೇಕಾ?" ಅಂದರು. ಅದೂ ನಿಜವೇ. ಬೆಂಗಳೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟವರೇ ಹಾಸನದ ಕಡೆಯವರು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದದ್ದು ಅದು. ಆ ಊರಿಗೆ ನಾನು ಕೇಕು ಹೊತ್ತುಕೊಂಡು ಹೋಗೋದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೆ ಹೂಂ ಅಂದಾಗಿತ್ತಲ್ಲ.

ಮೂರು ಅಂತಸ್ತು: 10 ಇಂಚು, 8 ಇಂಚು, 6 ಇಂಚು. ಮೊಟ್ಟೆ ಇಲ್ಲ, ಮೊಸರು ಹಾಕಿದ್ದು. ಇಲ್ಲದಿದ್ದರೆ ನಮ್ಮತ್ತೆ ಆ ಕಾರನ್ನೇ ಹತ್ತುತ್ತಿರಲಿಲ್ಲ. ಬೆಣ್ಣೆ 32 ಡಿಗ್ರಿ ದಾಟಿದರೆ ನೀರಾಗೋಕೆ ಶುರು, ಮುಚ್ಚಿದ ಕಾರು ಅದಕ್ಕಿಂತ ಜಾಸ್ತಿ ಕಾಯುತ್ತೆ. ಹಾಗಾಗಿ ಬಟರ್‌ಕ್ರೀಮ್ ಬೇಡ ಅಂತ ಗನಾಶ್ ಹಚ್ಚಿದೆ. ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮು. ಅದಕ್ಕೆ ಫ್ರಿಜ್ ಪೂರ್ತಿ ಖಾಲಿಯಾಗಬೇಕಾಯಿತು. ದೋಸೆ ಹಿಟ್ಟು ಪಕ್ಕದ ಮನೆಗೆ ಹೋಗಿ ಮಲಗಿತು. ಬೆಳಿಗ್ಗೆ ಬೆರಳಲ್ಲಿ ಕುಟ್ಟಿದರೆ ಟಕ್ ಅಂದಿತು. ಸದ್ಯ!

ಅಂತಸ್ತು ಜೋಡಿಸಿ ಒಯ್ಯಬಾರದು, ಮೂರಕ್ಕೂ ಬೇರೆ ಬೇರೆ ಡಬ್ಬಿ. ಸೀಟಿನ ಮೇಲೂ ಇಡಬಾರದು, ಸೀಟು ಹಿಂದಕ್ಕೆ ವಾಲಿರುತ್ತೆ. ಡಿಕ್ಕಿಯ ನೆಲವೇ ಸಮ. ನಮ್ಮದು ಪುಟ್ಟ ಕಾರು. ಡಿಕ್ಕಿಯ ಮೇಲಿನ ಹಲಗೆ ತೆಗೆದರೆ ಎಸಿ ಗಾಳಿ ಹಿಂದಕ್ಕೂ ಬರುತ್ತೆ. ಕೆಳಗೆ ಅಡುಗೆಮನೆ ಡ್ರಾಯರಿಗೆ ಹಾಸುವ ರಬ್ಬರ್ ಜಾಲರಿ ಹಾಸಿದೆ. ಡಬ್ಬಿ ಜಾರಲ್ಲ. ಪಕ್ಕದಲ್ಲಿ ಅತ್ತೆಯ ಒಬ್ಬಟ್ಟಿನ ಡಬ್ಬಿ, ಅಡ್ಡಡ್ಡ ಮಲಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಆರಕ್ಕೆ ಹೊರಡೋಣ ಅಂದಿದ್ದೆ. ಅತ್ತೆಯ ಪೂಜೆ, ಇವರ ಎರಡನೇ ಕಾಫಿ, ಸಿಗದ ಸೀರೆ ಪಿನ್ನು ಎಲ್ಲ ಮುಗಿದಾಗ ಎಂಟೂವರೆ.

ದೂರ ಅಂದರೆ ಹಾಸನ ಅಂದುಕೊಂಡಿದ್ದೆ. ಅಲ್ಲ, ಬೆಂಗಳೂರೊಳಗಿನ ಗೊರಗುಂಟೆಪಾಳ್ಯ. ನಮ್ಮ ಕ್ರಾಸ್ ದಾಟುವುದರೊಳಗೇ ನಾಲ್ಕು ಹಂಪು. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಕ್ರಾಸಿನವು ಯಾರೋ ಮನೆ ಕಟ್ಟಿಸಿ ಮಿಕ್ಕ ಸಿಮೆಂಟಿನಲ್ಲಿ ರಾತ್ರೋರಾತ್ರಿ ಹಾಕಿದಂಥವು. ಅಗಲ ಒಂದು ಅಡಿ, ಎತ್ತರ ಅವರವರ ಭಕ್ತಿಗೆ ಬಿಟ್ಟದ್ದು.

ನಾನು ಹಿಂದಿನ ಸೀಟಿನಲ್ಲಿ ಹಿಂದುಮುಂದಾಗಿ ಮಂಡಿಯೂರಿ ಡಬ್ಬಿಗಳನ್ನೇ ನೋಡುತ್ತಿದ್ದೆ. "ಹಂಪು ರೀ, ಹಂಪು!" "ಕಾಣ್ತಿದೆ ಮಾರಾಯ್ತಿ." ಕಾರ್ಡ್ ರೋಡಿನಲ್ಲಿ ಹಿಂದಿನವರೆಲ್ಲ ಹಾರ್ನ್ ಬಡಿದರು. ಒಂದು ಆಟೋ ಪಕ್ಕಕ್ಕೆ ಬಂತು.

"ಏನ್ ಸಾರ್, ಗಾಡಿ ಕಲೀತಿದೀರಾ?"

"ಇಲ್ಲಪ್ಪ, ಮದುವೆ ಕೇಕಿದೆ."

ಆತ ಬಗ್ಗಿ ಡಿಕ್ಕಿಯ ಕಡೆ ನೋಡಿದ. ಆಮೇಲೆ ಆಟೋ ಸ್ವಲ್ಪ ಅಡ್ಡ ಹಾಕಿ, ಕೈ ಹೊರಗೆ ಚಾಚಿ, ಹಿಂದಿನ ಬೈಕುಗಳನ್ನು ತಡೆದು ನಮ್ಮನ್ನು ಸಿಗ್ನಲ್ ದಾಟಿಸಿದ. ಇಷ್ಟು ವರ್ಷದಲ್ಲಿ ಆ ರಸ್ತೆಯಲ್ಲಿ ನನಗೆ ಯಾರೂ ದಾರಿ ಬಿಟ್ಟ ನೆನಪಿಲ್ಲ.

ನೆಲಮಂಗಲ ದಾಟಿದ ಮೇಲೆ ಹೇಳೋಕೆ ಏನೂ ಇಲ್ಲ. ಯಡಿಯೂರಿನಲ್ಲಿ ಅವರಿಬ್ಬರು ಕಾಫಿಗೆ ಇಳಿದರು, ನಾನು ಇಳಿಯಲಿಲ್ಲ. ಎಸಿ ಆರಿಸಿದರೆ ಕೇಕಿಗೆ ಸೆಕೆ.

ಛತ್ರದಲ್ಲಿ ಅಡುಗೆ ಭಟ್ಟರು ಬಹಳ ಪ್ರೀತಿಯಿಂದ "ಇಲ್ಲಿಡಿ ತಾಯಿ, ಯಾರೂ ಮುಟ್ಟಲ್ಲ" ಎಂದು ತೋರಿಸಿದ್ದು ಹುಳಿ ಕುದಿಯುತ್ತಿದ್ದ ಕೊಪ್ಪರಿಗೆಯ ಪಕ್ಕದ ಜಾಗ. ಕೊನೆಗೆ ಐಸ್‌ಕ್ರೀಮ್ ಹುಡುಗನ ಫ್ರೀಜರಿನಲ್ಲಿ ಜಾಗ ಸಿಕ್ಕಿತು. 8 ಇಂಚಿನದರ ಒಂದು ಬದಿ ಡಬ್ಬಿಗೆ ಒರೆಸಿಕೊಂಡಿತ್ತು. ಮಿಕ್ಕಿದ್ದ ಗನಾಶ್ ಮೆತ್ತಿ ಆ ಬದಿಯನ್ನು ಗೋಡೆಗೆ ತಿರುಗಿಸಿದೆ. ಸಂಜೆ ಅಂತಸ್ತು ಜೋಡಿಸಿದೆ. ಮೇಲಿನ ಭಾರಕ್ಕೆ ಕೆಳಗಿನದು ಕುಸಿಯಬಾರದು ಅಂತ ಒಳಗೆ ಮರದ ಕಡ್ಡಿ ಇಳಿಸಬೇಕು. ಇಳಿಸಿದೆ. ಯಾರಿಗೂ ಹೇಳಲಿಲ್ಲ.

ಫೋಟೊದವರು "ಕೆಳಗಿನದೇ ಕಟ್ ಮಾಡಿ, ಚೆನ್ನಾಗಿ ಬರುತ್ತೆ" ಅಂದರು. ಹುಡುಗ, ಹುಡುಗಿ ಇಬ್ಬರೂ ಚಾಕು ಹಿಡಿದು ಒತ್ತಿದರು. ಅರ್ಧಕ್ಕೆ ನಿಂತಿತು. ಇನ್ನೂ ಒತ್ತಿದರು. "ಅತ್ತೇ, ಒಳಗೇನೋ ಇದೆ!" ಎಂದು ಹುಡುಗಿ ಸ್ಟೇಜಿನಿಂದಲೇ ಕೂಗಿದಳು. ನಾನು ಓಡಿಹೋಗಿ ಕಡ್ಡಿ ಎಳೆದು ತೆಗೆದೆ. ಫೋಟೊದವರು ಅದನ್ನೂ ತೆಗೆದರು.

ಮೊದಲ ಸಾಲಿನಲ್ಲಿ ಕೂತಿದ್ದ ನಮ್ಮತ್ತೆ ಪಕ್ಕದವರಿಗೆ ಒಬ್ಬಟ್ಟು ಮುರಿದು ಕೊಡುತ್ತಾ, ನನ್ನ ಕೈಯಲ್ಲಿದ್ದ ಕಡ್ಡಿ ನೋಡಿ ಕೇಳಿದರು: "ಇದಕ್ಕೆ ಊರುಗೋಲು ಬೇರೆ ಬೇಕೇನಮ್ಮ?"